ಹಳೇ ಮನೆ ಮರದಿಂದ ತರಕಾರಿ ಏರುಮಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹೆಂಚಿನ ಮನೆ ಕೆಡವಿದ ಮೇಲೆ ಜಂತೆ, ರೀಪು, ಬಾಗಿಲ ಚೌಕಟ್ಟು, ಅಟ್ಟದ ಹಲಗೆ ಎಲ್ಲ ಹಿತ್ತಲಲ್ಲಿ ರಾಶಿ ಬಿದ್ದಿರುತ್ತವೆ. ಅರ್ಧ ಗುಜರಿಗೆ, ಅರ್ಧ ಬಚ್ಚಲ ಒಲೆಗೆ. ಅದರಲ್ಲೇ ಒಂದಿಷ್ಟು ಆರಿಸಿಕೊಂಡು ಸೊಪ್ಪು ತರಕಾರಿಗೆ ಏರುಮಡಿ, ಅಂದರೆ ಮರದ ಚೌಕಟ್ಟಿನೊಳಗೆ ಮಣ್ಣು ತುಂಬಿ ನೆಲಕ್ಕಿಂತ ಎತ್ತರಿಸಿದ ಮಡಿ, ಮಾಡಬಹುದು. ಅದರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೊದಲು ಹೇಳಿ, ಏರುಮಡಿ ನನಗೆ ಬೇಕಾ?

ನೀವು ಎಲ್ಲಿದ್ದೀರಿ ಅನ್ನೋದರ ಮೇಲಿದೆ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ನೆಲದ ಮಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಅಲ್ಲಿ ಏರುಮಡಿ ತುಂಬಾ ಉಪಯೋಗ. ಬೆಂಗಳೂರು, ಮೈಸೂರಿನ ಸೈಟುಗಳಲ್ಲಿ ಮನೆ ಕಟ್ಟಿದ ಜಲ್ಲಿ, ಸಿಮೆಂಟು, ಇಟ್ಟಿಗೆ ಚೂರು ಸೇರಿ ನೆಲವೇ ಹಾಳಾಗಿರುತ್ತದಲ್ವಾ, ಅಲ್ಲೂ ಸರಿ. ಸೊಂಟ ನೋವು ಇರುವವರಿಗೆ ಬಗ್ಗುವುದು ಕಡಿಮೆಯಾಗುತ್ತದೆ.

ಆದರೆ ರಾಯಚೂರು, ಕಲಬುರಗಿ, ವಿಜಯಪುರದಂಥ ಒಣ ಊರಲ್ಲಿ ಯೋಚನೆ ಮಾಡಿ. ಏರುಮಡಿ ನಾಲ್ಕೂ ಕಡೆಯಿಂದ ಗಾಳಿಗೆ ಬಿಸಿಲಿಗೆ ಸಿಕ್ಕಿ ಬೇಗ ಒಣಗುತ್ತದೆ. ಅಲ್ಲಿ ನೆಲಮಟ್ಟಕ್ಕಿಂತ ಅರ್ಧ ಅಡಿ ತಗ್ಗಿಸಿದ ಮಡಿಯೇ ವಾಸಿ, ಮರದ ಖರ್ಚೂ ಇಲ್ಲ.

ಯಾವ ಮರ ಆಗುತ್ತದೆ?

ತೇಗ, ಹೊನ್ನೆ, ಮತ್ತಿ, ಹಲಸು. ಹಳೇ ಮನೆಗಳಲ್ಲಿ ಹೆಚ್ಚಾಗಿ ಇರುವುದೂ ಇವೇ. ಆದರೆ ಮರದ ಹೆಸರಿಗಿಂತ ಮುಖ್ಯ ಅದರ ಕೆಚ್ಚು. ತೇಗ ಅಂದ ಮಾತ್ರಕ್ಕೆ ಬಾಳಿಕೆ ಬರುವುದಿಲ್ಲ. ತೇಗದ್ದೇ ಆದರೂ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ, ಒಳಗಿನ ಕಂದು ಬಣ್ಣದ ಕೆಚ್ಚನ್ನು ಸುಲಭಕ್ಕೆ ಮುಟ್ಟುವುದಿಲ್ಲ. ಹಲಗೆಯ ಅಂಚಲ್ಲಿ ಬಿಳಿ ಪಟ್ಟಿ ಇದ್ದರೆ ಅದನ್ನು ಕೊಯ್ದು ತೆಗೆಯಿರಿ, ಇಲ್ಲಾಂದ್ರೆ ಆ ಅಂಚು ಮೇಲೆ ಬರುವ ಹಾಗೆ ಕೂರಿಸಿ.

ಮಾವು, ಬೂರುಗ, ಸಿಲ್ವರ್ ಓಕ್, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಇವು ಮಣ್ಣಿಗೆ ತಾಗಿಕೊಂಡು ಜಾಸ್ತಿ ದಿನ ಬಾಳುವ ಮರಗಳಲ್ಲ.

ಎಲ್ಲಾ ಹಳೇ ಮರವೂ ಕಪ್ಪಗೇ ಇರುತ್ತದೆ, ಯಾವುದು ಯಾವುದು ಅಂತ ಹೇಗೆ ತಿಳಿಯುವುದು?

ಒಂದು ತುದಿಯಲ್ಲಿ ಅರ್ಧ ಇಂಚು ಕೊಯ್ದು ನೋಡಿ. ಹೊಸ ಮುಖ ಬಂದ ತಕ್ಷಣ ಬಣ್ಣ, ವಾಸನೆ ಎರಡೂ ಸಿಗುತ್ತವೆ. ತೇಗ ಕೊಯ್ದಾಗ ಹಳೇ ಚರ್ಮದ ಥರ ಒಂದು ವಾಸನೆ, ಮುಟ್ಟಿದರೆ ಜಿಡ್ಡುಜಿಡ್ಡು. ಹಲಸು ಹಳದಿ, ಹಳೇದಾದಷ್ಟೂ ಕಂದು. ಹೊನ್ನೆ ಗುರುತಿಸುವುದು ಎಲ್ಲಕ್ಕಿಂತ ಸುಲಭ: ಸ್ವಲ್ಪ ಗರಗಸದ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿಯಿರಿ. ನೀರು ಚಹಾ ಬಣ್ಣಕ್ಕೆ ತಿರುಗಿ, ಅಂಚಲ್ಲಿ ನೀಲಿ ಮಿಂಚು ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಮಾರುತ್ತಾರಲ್ಲ ಹೊನ್ನೆ ಮರದ ಲೋಟ, ಅದರಲ್ಲಿಟ್ಟ ನೀರಿನ ಬಣ್ಣವೂ ಇದೇ.

ಗೊತ್ತಾಗಲಿಲ್ಲ ಅಂದರೆ ಊರಿನ ವಯಸ್ಸಾದ ಬಡಗಿಯೊಬ್ಬರಿಗೆ ತೋರಿಸಿ. ಉಗುರಲ್ಲಿ ಗೀರಿ ಹೇಳಿಬಿಡುತ್ತಾರೆ.

ಕುಟ್ಟೆ ಹಿಡಿದಿದ್ದರೆ?

ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ತೂತಿದೆ, ಹಿಟ್ಟಿಲ್ಲ ಅಂದರೆ ಹಳೇ ಕಥೆ ಇರಬಹುದು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಒತ್ತಿ ನೋಡಿ, ಕಾಲು ಇಂಚಿಗಿಂತ ಒಳಗೆ ಹೋದರೆ ಆ ತುಂಡು ಬೇಡ. ಗಟ್ಟಿ ಇದ್ದರೆ ಇರಲಿ.

ಯಾವ ಮರ ಬೇಡವೇ ಬೇಡ?

ಮರ ಇಷ್ಟು ವರ್ಷ ಏನು ಕುಡಿದಿದೆ ಅನ್ನೋದು ಇಲ್ಲಿ ಪ್ರಶ್ನೆ. ಮಡಿಯ ಮಣ್ಣಿಗೆ ಅದು ಇಳಿಯುತ್ತದೆ, ಮಣ್ಣಿಂದ ಸೊಪ್ಪಿಗೆ ಎಷ್ಟು ಬರುತ್ತದೆ ಅಂತ ಮನೆಯಲ್ಲಿ ಕೂತು ಅಳೆಯಲಾಗುವುದಿಲ್ಲ.

ರೈಲ್ವೆ ಸ್ಲೀಪರ್ ಬೇಡ. ನೋಡೋದಕ್ಕೆ ಚೆನ್ನಾಗಿರುತ್ತದೆ, ಭಾರವಾಗಿರುತ್ತದೆ, ಅದಕ್ಕೇ ತೋಟದವರು ಆಸೆ ಪಡುತ್ತಾರೆ. ಆದರೆ ಮರದ ಸ್ಲೀಪರ್‌ಗಳಿಗೆ ಕೊಳೆಯದಿರಲಿ ಅಂತ ಕ್ರಿಯೋಸೋಟ್ ಕುಡಿಸಿರುತ್ತಾರೆ. ಅದು ಟಾರಿನ ಜಾತಿಯದು, ಬಿಸಿಲಿಗೆ ಜಿನುಗುತ್ತದೆ, ಚರ್ಮಕ್ಕೂ ಕೆಟ್ಟದ್ದು. ಹೂವಿನ ಮಡಿಗೂ ನಾನು ಬೇಡ ಅಂತಲೇ ಹೇಳುತ್ತೇನೆ.

ಹಸಿರು ಛಾಯೆಯ ಟ್ರೀಟೆಡ್ ಮರವೂ ಬೇಡ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಔಷಧಿಯನ್ನು ಒತ್ತಡ ಹಾಕಿ ಕುಡಿಸಿದ ಮರ ಅದು. ಕಾರ್ಖಾನೆಗಳ ಕೂಲಿಂಗ್ ಟವರ್ ಬಿಚ್ಚಿದ ಮರ ಅಗ್ಗಕ್ಕೆ ಬಂದಿದೆ ಅಂತ ಯಾರಾದರೂ ಹೇಳಿದರೆ ಇದೇ ಇರುವ ಸಾಧ್ಯತೆ ಜಾಸ್ತಿ. ಇದನ್ನು ಒಲೆಗೂ ಹಾಕಬಾರದು, ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ.

ಸೆಂಟ್ರಿಂಗ್ ಹಲಗೆ, ಅಂದರೆ ಮೋಲ್ಡ್ ಹಾಕುವಾಗ ಕೆಳಗೆ ಕೊಡುವ ಹಲಗೆ. ಸಿಮೆಂಟು ಅಂಟದಿರಲಿ ಅಂತ ಅದಕ್ಕೆ ಗಾಡಿಯ ಸುಟ್ಟ ಆಯಿಲ್ ಬಳಿದಿರುತ್ತಾರೆ. ಬೇಡ. ಪ್ಲೈವುಡ್, ಎಂಡಿಎಫ್, ಹಳೇ ವಾರ್ಡ್‌ರೋಬಿನ ಪಾರ್ಟಿಕಲ್ ಬೋರ್ಡ್ ಇವೆಲ್ಲ ಒಂದು ಮಳೆಗಾಲಕ್ಕೆ ಉಬ್ಬಿ ಪದರ ಪದರ ಬಿಚ್ಚಿಕೊಳ್ಳುತ್ತವೆ, ಜೊತೆಗೆ ಅಂಟಿನ ರಾಸಾಯನಿಕ ಬೇರೆ.

ಅಡುಗೆಮನೆಯ ಹೊಗೆ ಹಿಡಿದ ಜಂತೆ ಇದೆ. ಸುಣ್ಣ ಬಳಿದದ್ದೂ ಇದೆ.

ಎರಡೂ ಪರವಾಗಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಬ್ಬಿಣದ ಬ್ರಷ್ಷಿನಲ್ಲಿ ಕರಿ ಉಜ್ಜಿ ತೆಗೆಯಿರಿ, ತೊಳೆಯಿರಿ, ನೆರಳಲ್ಲಿ ಒಣಗಿಸಿ.

ಪೇಂಟ್ ಬಳಿದ ಬಾಗಿಲು, ಕಿಟಕಿ?

ತರಕಾರಿಗೆ ಬೇಡ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 90 ಪಾಲು) ಜಾಸ್ತಿ ಇರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಿಂದಿನ ಎನಾಮಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇರಬಹುದು ಅಂತಲೇ ಲೆಕ್ಕ ಹಿಡಿಯಿರಿ. ಹಾಗಂತ ಉಜ್ಜಿ ತೆಗೆಯೋಣ ಅಂತ ಸ್ಯಾಂಡಿಂಗ್ ಮೆಷಿನ್ ಹಿಡಿದರೆ ಆ ಧೂಳು ಮನೆ ತುಂಬಾ ಹರಡುತ್ತದೆ, ಸುಟ್ಟರೆ ಹೊಗೆಯಲ್ಲಿ ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಆಟವಲ್ಲ. ಪೇಂಟ್ ಎದ್ದು ಬರದೆ ಗಟ್ಟಿಯಾಗಿದ್ದರೆ ಅಂಥ ಬಾಗಿಲನ್ನು ಶೆಡ್ಡಿಗೋ ಮೇಜಿಗೋ ಬಳಸಿ.

ಸರಕು ಪೇರಿಸುವ ಮರದ ಅಡಿಹಲಗೆ, ಅಂದರೆ ಪ್ಯಾಲೆಟ್, ಅಗ್ಗಕ್ಕೆ ಸಿಗುತ್ತದೆ, ಅದಾಗಲ್ವಾ?

ಆಗುತ್ತದೆ, ಮುದ್ರೆ ನೋಡಿಕೊಂಡು. ರಫ್ತಿಗೆ ಹೋಗುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತು ಸುಟ್ಟು ಹಾಕಿರುತ್ತಾರೆ, ಪಕ್ಕದಲ್ಲಿ ದೇಶದ ಅಕ್ಷರ. ‘ಎಚ್‌ಟಿ’ ಅಂತ ಇಂಗ್ಲಿಷಿನಲ್ಲಿದ್ದರೆ ಮರದ ತಿರುಳು 56 ಡಿಗ್ರಿಗೆ 30 ನಿಮಿಷ ಕಾಯುವಂತೆ ಬಿಸಿ ಮಾಡಿದ್ದಾರೆ ಅಂತ ಅರ್ಥ, ಅದು ಸರಿ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷಗಾಳಿ ಕೊಟ್ಟಿದ್ದಾರೆ, ಬಿಟ್ಟುಬಿಡಿ. ಮುದ್ರೆ ಸರಿಯಿದ್ದರೂ ಕಲೆ ಇದೆಯಾ, ವಾಸನೆ ಇದೆಯಾ ನೋಡಿ, ಆ ಪ್ಯಾಲೆಟ್ ಮೇಲೆ ಏನು ಚೆಲ್ಲಿತ್ತು ಅಂತ ಮುದ್ರೆ ಹೇಳುವುದಿಲ್ಲ.

ಮನೆಯಲ್ಲಿ ಹಳೇ ಮರ ಇಲ್ಲ. ಎಲ್ಲಿ ಕೊಳ್ಳುವುದು, ಎಷ್ಟು ಬೇಕು?

ಮನೆ ಕೆಡವುವ ಕಂಟ್ರಾಕ್ಟರ್‌ಗಳನ್ನು ಹಿಡಿಯುವುದೇ ಒಳ್ಳೆಯದು. ಯಾವ ಮನೆಯದು, ಎಲ್ಲಿತ್ತು ಅಂತ ಕೇಳಿ ತಿಳಿಯಬಹುದು. ಬೆಂಗಳೂರಲ್ಲಾದರೆ ಶಿವಾಜಿನಗರದ ಗುಜರಿ ಅಂಗಡಿಗಳು, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆ ಕಡೆ ವಿಚಾರಿಸಿ.

ಮರದ ಲೆಕ್ಕ ಘನ ಅಡಿಯಲ್ಲಿ. ಅಂಗಡಿಯವರು ಬಾಯಲ್ಲೇ ಲೆಕ್ಕ ಹಾಕಿ ದುಡ್ಡು ಹೇಳುತ್ತಾರೆ, ಆದ್ದರಿಂದ ನಿಮಗೂ ಗೊತ್ತಿರಲಿ: ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 6 ಇಂಚು ಅಗಲ, ಒಂದೂವರೆ ಇಂಚು ದಪ್ಪ, 8 ಅಡಿ ಉದ್ದದ ಹಲಗೆ ಅಂದರೆ ಅರ್ಧ ಘನ ಅಡಿ.

6 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರದ ಮಡಿಗೆ ಇದೇ ಅಗಲ, ದಪ್ಪದ ಹಲಗೆ ಎರಡು ಸಾಲು ಬೇಕು. ಒಟ್ಟು 36 ಅಡಿ ಓಡುತ್ತದೆ, ಅಂದರೆ ಎರಡೂಕಾಲು ಘನ ಅಡಿ. ಹಲಗೆ ಹಿಡಿದು ನಿಲ್ಲಿಸುವ ಗೂಟಗಳಿಗೆ ಇನ್ನು ಕಾಲು ಘನ ಅಡಿ. ಹಳೇ ಮರದಲ್ಲಿ ತುದಿ ಕೊಳೆತಿರುತ್ತದೆ, ಮಧ್ಯೆ ತೂತಿರುತ್ತದೆ, ಹಾಗಾಗಿ ಮೂರು ತೆಗೆದುಕೊಳ್ಳಿ.

ಊರಿನ ಮನೆಯ ತೊಲೆಗಳನ್ನು ಲಾರಿಯಲ್ಲಿ ತರಬಹುದಾ?

ಹೊರಡುವ ಮೊದಲು ಅಲ್ಲಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಮರ ಸಾಗಿಸುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಕೆಳಗೆ ಬರುತ್ತದೆ. ತೇಗ, ಬೀಟೆ ಗಾಡಿಯಲ್ಲಿ ಕಂಡರೆ ಚೆಕ್‌ಪೋಸ್ಟಿನಲ್ಲಿ ‘ನಮ್ಮ ಅಜ್ಜನ ಮನೆಯದು ಸಾರ್’ ಅನ್ನೋ ಮಾತು ನಡೆಯುವುದಿಲ್ಲ. ಮನೆಯ ದಾಖಲೆ, ಕೆಡವುವ ಮೊದಲಿನ ಫೋಟೊ ಇಟ್ಟುಕೊಳ್ಳಿ.

ಅಂದಹಾಗೆ, ರಾಶಿಯಲ್ಲಿ ಬೀಟೆ ಸಿಕ್ಕರೆ ದಯವಿಟ್ಟು ಮಡಿಗೆ ಹಾಕಬೇಡಿ. ಕೆತ್ತನೆ ಇರುವ ಬಾಗಿಲವಾಡವನ್ನೂ ಕೊಯ್ಯಬೇಡಿ. ಮೂಲಂಗಿಗೆ ಅಷ್ಟೊಂದು ಮರ್ಯಾದೆ ಬೇಕಿಲ್ಲ.

ಮೊಳೆ ಕೀಳುವುದೇ ದೊಡ್ಡ ಕೆಲಸ ಆಗಿದೆ. ಸುಲಭದ ದಾರಿ ಇದೆಯಾ?

ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಇದಕ್ಕೇ, ಸುಲಭದ ದಾರಿ ಇಲ್ಲ. ಸರಿಯಾದ ಕ್ರಮ ಒಂದಿದೆ.

ಮೊಳೆಯ ಚೂಪು ತುದಿ ಆಚೆ ಬಂದಿದ್ದರೆ, ಬಾಗಿದ್ದನ್ನು ಮೊದಲು ನೆಟ್ಟಗೆ ಮಾಡಿ. ಆಮೇಲೆ ಆ ತುದಿಗೆ ಸುತ್ತಿಗೆಯಿಂದ ಹೊಡೆಯಿರಿ, ತಲೆ ಇನ್ನೊಂದು ಕಡೆ ಕಾಲು ಇಂಚು ಎದ್ದು ಬರುತ್ತದೆ. ಈಗ ಹಲಗೆ ತಿರುಗಿಸಿ, ಸುತ್ತಿಗೆಯ ಕೊಂಬಿನ ಕೆಳಗೆ ಒಂದು ಮರದ ಚೂರು ಇಟ್ಟು ಎತ್ತಿ. ಚೂರು ಇಡದಿದ್ದರೆ ಹಲಗೆಯ ಮೈ ತಗ್ಗಾಗುತ್ತದೆ, ಸುತ್ತಿಗೆಯ ಹಿಡಿಯೂ ಮುರಿಯುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡ ಮೊಳೆ ಹಾಗೇ ಎಳೆದರೆ ತಲೆ ಹಾರಿಹೋಗುತ್ತದೆ. ಮೊದಲು ತಲೆಯ ಮೇಲೊಂದು ಏಟು ಒಳಕ್ಕೆ ಹಾಕಿ, ‘ಟಕ್’ ಅಂತ ಬಿಟ್ಟ ಸದ್ದು ಬರುತ್ತದೆ, ಆಮೇಲೆ ಎಳೆಯಿರಿ.

ಎಲ್ಲಾ ಕಿತ್ತಾಯ್ತು ಅನ್ನಿಸಿದ ಮೇಲೆ ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹಲಗೆ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗಿ. ಒಳಗೆ ಮುರಿದುಕೊಂಡ ಮೊಳೆ ಇದ್ದರೆ ಕೈಗೆ ಗೊತ್ತಾಗುತ್ತದೆ. ಕಣ್ಣಿಗೂ ಒಂದು ಗುರುತಿದೆ, ಕಬ್ಬಿಣ ಕೂತ ಜಾಗದಲ್ಲಿ ಮರದ ಒಗರು ಸೇರಿ ನೀಲಿಗಪ್ಪು ಕಲೆ ಎಳೆ ಹಿಡಿದು ಓಡಿರುತ್ತದೆ. ಸಾಮಿಲ್ಲಿನವರು ಹಳೇ ಮರ ನೋಡಿದ ತಕ್ಷಣ ‘ಮೊಳೆ ಇಲ್ಲ ತಾನೇ ಸಾರ್?’ ಅಂತ ಕೇಳುವುದು ಸುಮ್ನೆ ಅಲ್ಲ, ಒಂದೇ ಮೊಳೆಗೆ ಅವರ ಬ್ಲೇಡಿನ ಹಲ್ಲು ಹೋಗುತ್ತದೆ. ಎಷ್ಟೋ ಕಡೆ ಹಳೇ ಮರ ಮುಟ್ಟುವುದೇ ಇಲ್ಲ.

ದಪ್ಪ ಗ್ಲೌಸು, ದಪ್ಪ ಅಟ್ಟೆಯ ಶೂ ಹಾಕಿಕೊಳ್ಳಿ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದು ಅಂತ ನೆನಪಿಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಅಳತೆ ಎಷ್ಟಿರಬೇಕು?

ಎರಡೂ ಕಡೆಯಿಂದ ಕೈ ಹಾಕುವಂತಿದ್ದರೆ ಅಗಲ 4 ಅಡಿ ದಾಟಬಾರದು, ಗೋಡೆಗೆ ತಾಗಿಸುವುದಾದರೆ ಎರಡು ಎರಡೂವರೆ ಅಡಿ ಸಾಕು. ಮಡಿಯೊಳಗೆ ಕಾಲಿಡುವಂತಾಗಬಾರದು, ತುಳಿದರೆ ಮಣ್ಣು ಗಟ್ಟಿಯಾಗುತ್ತದೆ. ಸೊಪ್ಪಿಗೆ 8 ಇಂಚು ಆಳ ಸಾಕು. ಮೂಲಂಗಿ, ಬದನೆ, ಟೊಮೇಟೊಗೆ ಒಂದು ಅಡಿ. ಅದಕ್ಕಿಂತ ಎತ್ತರ ಬೇಕು ಅನ್ನುವುದು ಬೆನ್ನಿನ ಅನುಕೂಲಕ್ಕೆ, ಗಿಡಕ್ಕಲ್ಲ.

ಜೋಡಿಸುವುದು ಹೇಗೆ? ಬಡಗಿ ಬೇಕಾ?

ಬೇಕಾಗಿಲ್ಲ. ಗರಗಸ, ಡ್ರಿಲ್, ಟೇಪು, ಮೂಲೆಮಟ್ಟ ಇದ್ದರೆ ಸಾಕು.

ಮೂಲೆಗೆ ಎರಡೂವರೆ ಇಂಚು ಚೌಕದ ಗೂಟ ಒಳಗಡೆ ಕೊಟ್ಟು, ಹಲಗೆಯನ್ನು ಹೊರಗಿಂದ ಸ್ಕ್ರೂ ಮಾಡಿ. ಹೊರಗಿಂದ ಯಾಕೆ ಅಂದರೆ, ಮುಂದೆ ಒಂದು ಹಲಗೆ ಹಾಳಾದರೆ ಮಣ್ಣು ಪೂರ್ತಿ ತೆಗೆಯದೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು. ಇದೇ ಕಾರಣಕ್ಕೆ ಮೊಳೆ ಬೇಡ ಅನ್ನುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗ್ಯಾಲ್ವನೈಸ್ ಆದ ಸ್ಕ್ರೂ ತೆಗೆದುಕೊಳ್ಳಿ, ಜಿಪ್ಸಮ್ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ತುಕ್ಕು ಹಿಡಿದು ಮುರಿಯುತ್ತದೆ. ಹಳೇ ಕೆಚ್ಚು ಕಲ್ಲಿನ ಹಾಗೆ ಗಟ್ಟಿ, ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಹಾಕದೆ ಸ್ಕ್ರೂ ತಿರುಗಿಸಿದರೆ ಒಂದೋ ತಲೆ ಕಿತ್ತುಬರುತ್ತದೆ, ಇಲ್ಲಾಂದ್ರೆ ತುದಿ ಸೀಳುತ್ತದೆ.

ಒದ್ದೆ ಮಣ್ಣು ಹೊರಕ್ಕೆ ತಳ್ಳುತ್ತದೆ. 6 ಅಡಿ ಉದ್ದದ ಬದಿಗೆ ಮಧ್ಯದಲ್ಲಿ ಒಂದು ಗೂಟ ಬೇಕೇ ಬೇಕು, ಮುಕ್ಕಾಲು ಇಂಚಿನ ತೆಳು ಹಲಗೆಯಾದರೆ ಎರಡು. ಕೊನೆಗೆ ಟೇಪನ್ನು ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಹಿಡಿದು ನೋಡಿ, ಎರಡು ಅಳತೆ ಒಂದೇ ಬಂದರೆ ಚೌಕಟ್ಟು ಸೊಟ್ಟ ಇಲ್ಲ.

ಗೆದ್ದಲು ಬರಲ್ವಾ?

ಬರುತ್ತದೆ. ಬಾರದ ಹಾಗೆ ಮಾಡುವುದಕ್ಕಿಂತ, ಬಂದದ್ದು ಕಾಣುವ ಹಾಗೆ ಮಾಡುವುದು ಸುಲಭ. ಗೂಟಗಳನ್ನು ನೆಲದಲ್ಲಿ ಹೂಳಬೇಡಿ. ಚೌಕಟ್ಟಿನ ಕೆಳಗೆ ಸುತ್ತಲೂ ಒಂದು ಸಾಲು ಸೈಜುಗಲ್ಲು ಅಥವಾ ಸಿಮೆಂಟ್ ಬ್ಲಾಕು ಇಟ್ಟು ಅದರ ಮೇಲೆ ಮರ ಕೂರಿಸಿ. ಆಗ ಹೊರಗಿಂದ ಬರುವ ಗೆದ್ದಲು ಕಲ್ಲಿನ ಮೇಲೆ ಮಣ್ಣಿನ ಹಾದಿ ಕಟ್ಟಿಕೊಂಡೇ ಹತ್ತಬೇಕು. ನೀರು ಹಾಕುವಾಗ ವಾರಕ್ಕೊಮ್ಮೆಯಾದರೂ ಸುತ್ತ ನೋಡಿ, ಹಾದಿ ಕಂಡರೆ ಕೆರೆದು ಹಾಕಿ.

ಒಳಗಿನ ಮಣ್ಣಿನಿಂದಲೂ ಬರಬಹುದು, ಅದಕ್ಕೇ ಮರ ಮತ್ತು ಮಣ್ಣಿನ ಮಧ್ಯೆ ಪ್ಲಾಸ್ಟಿಕ್ ಹಾಳೆ ಬೇಕು, ಅದರ ವಿವರ ಮುಂದಿದೆ. ಗೆದ್ದಲು ಜಾಸ್ತಿ ಇರುವ ಜಾಗದಲ್ಲಿ ಮಡಿಯ ತಳಕ್ಕೆ ಕಡ್ಡಿ, ಕೊಂಬೆ ತುಂಬಬೇಡಿ. ಮನೆ ಪಾಯಕ್ಕೆ ಹಾಕುವ ಗೆದ್ದಲಿನ ಔಷಧಿಯನ್ನು ತಿನ್ನುವ ಸೊಪ್ಪಿನ ಮಡಿಗೆ ಯಾವತ್ತೂ ಹಾಕಬೇಡಿ.

ಮರಕ್ಕೆ ಏನು ಬಳಿಯಬೇಕು? ಗ್ಯಾರೇಜಿನ ವೇಸ್ಟ್ ಆಯಿಲ್ ಒಳ್ಳೇದು ಅಂತಾರೆ.

ವೇಸ್ಟ್ ಆಯಿಲ್ ಬಿಟ್ಟುಬಿಡಿ. ಇಂಜಿನ್ನಿನ ಲೋಹದ ಪುಡಿ, ಸುಟ್ಟ ಎಣ್ಣೆಯ ವಿಷ ಎಲ್ಲ ಅದರಲ್ಲಿದೆ.

ನನ್ನ ಕೇಳಿದರೆ, ಒಳ್ಳೇ ಕೆಚ್ಚಿಗೆ ಏನೂ ಬೇಡ. ಮರ ಕೊಳೆಸುವ ಬೂಸ್ಟು ಬದುಕಬೇಕಾದರೆ ಮರದಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ತೇವ ಬೇಕು. ನೆನೆದದ್ದು ಬೇಗ ಒಣಗುವ ಹಾಗಿದ್ದರೆ ಅರ್ಧ ಕೆಲಸ ಆಯಿತು: ಕೆಳಗೆ ಕಲ್ಲು, ಹೊರಗೆ ಗಾಳಿ, ಹಲಗೆಗೆ ತಾಗಿಕೊಂಡು ಕಳೆ ಬೆಳೆಯದಂತೆ ನೋಡುವುದು. ಏನಾದರೂ ಬಳಿಯಲೇಬೇಕು ಅಂದರೆ ಗಾಣದ ಅಗಸೆ ಎಣ್ಣೆ ಹೊರಮೈಗೆ ತೆಳ್ಳಗೆ, ಕೊಯ್ದ ತುದಿಗಳಿಗೆ ಎರಡು ಮೂರು ಸಲ. ತುದಿಗಳೇ ನೀರು ಹೀರುವುದು. ಅಂಗಡಿಯ ‘ಬಾಯ್ಲ್ಡ್’ ಡಬ್ಬಿ ಬೇಡ, ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಒಂದು ಎಚ್ಚರಿಕೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ.

ಕರಾವಳಿಯವರು ಗೇರು ಎಣ್ಣೆ ಬಳಿಯುತ್ತಾರೆ, ದೋಣಿಗೂ ಅದನ್ನೇ ಬಳಿಯುತ್ತಿದ್ದರು. ಕೆಲಸ ಮಾಡುತ್ತದೆ, ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಹೊರಮೈಗೆ ಮಾತ್ರ, ಗ್ಲೌಸು ಹಾಕಿಕೊಂಡು.

ಒಳಗೆ ಪ್ಲಾಸ್ಟಿಕ್ ಹಾಳೆ ಹಾಕಲೇಬೇಕಾ?

ಬದಿಗೆ ಹಾಕಿ, ತಳಕ್ಕೆ ಬೇಡ. ದಪ್ಪ ಎಚ್‌ಡಿಪಿಇ ಹಾಳೆಯನ್ನು ಒಳಬದಿಗೆ ಮಾತ್ರ ಪಿನ್ ಮಾಡಿ, ಮೇಲಿನ ಅಂಚು ಮಣ್ಣಿಗಿಂತ ಒಂದು ಇಂಚು ಮೇಲಿರಲಿ. ತಳ ಮುಚ್ಚಿದರೆ ನೀರು ಇಳಿಯದೆ ಕೆಸರಾಗುತ್ತದೆ. ಹೆಗ್ಗಣ ಕಾಟ ಇದ್ದರೆ ತಳಕ್ಕೆ ಕಬ್ಬಿಣದ ಜಾಲರಿ ಹಾಸಿ.

ತಾರಸಿ ಮೇಲೆ ಮಾಡಬಹುದಾ?

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಒಂದು ಘನ ಅಡಿ ಒದ್ದೆ ಕೆಂಪು ಮಣ್ಣು ಸುಮಾರು 50 ಕೆಜಿ ತೂಗುತ್ತದೆ. ನಮ್ಮ ದೇಶದ ಐಎಸ್ 875 ಮಾನದಂಡದ ಪ್ರಕಾರ ಜನ ಓಡಾಡುವ ಮಟ್ಟಸ ತಾರಸಿಯನ್ನು ಲೆಕ್ಕ ಹಾಕುವುದು ಚದರ ಮೀಟರಿಗೆ 150 ಕೆಜಿ ಆಸುಪಾಸಿನ ಭಾರಕ್ಕೆ, ಅಂದರೆ ಚದರ ಅಡಿಗೆ 14 ಕೆಜಿ. ಒಂದು ಅಡಿ ಎತ್ತರ ಮಣ್ಣು ತುಂಬಿದರೆ ಅದರ ಮೂರು ಪಟ್ಟು ದಾಟುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿದ ಹಗುರ ಮಿಶ್ರಣವೂ ಒದ್ದೆಯಾದಾಗ ಘನ ಅಡಿಗೆ 30 ಕೆಜಿ ಬರುತ್ತದೆ, ಮೇಲಿಂದ ಮರದ ತೂಕ.

ಹಾಗಾಗಿ ತಾರಸಿಯಲ್ಲಾದರೆ 6 ಇಂಚು ಹಗುರ ಮಿಶ್ರಣದ ಸೊಪ್ಪಿನ ಮಡಿ, ಅದೂ ಕೆಳಗಡೆ ಗೋಡೆ ಅಥವಾ ಬೀಮ್ ಇರುವ ಅಂಚಲ್ಲಿ. ನಡುವೆ ಬೇಡ. ಅದಕ್ಕಿಂತ ದೊಡ್ಡದು ಬೇಕಾದರೆ ಇಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ, ಹಳೇ ಮನೆಯಾದರೆ ಖಂಡಿತ. ಮಡಿಯನ್ನು ಇಟ್ಟಿಗೆ ಮೇಲೆ ಮೂರು ನಾಲ್ಕು ಇಂಚು ಎತ್ತಿ ಇಡಿ, ಕೆಳಗೆ ನೀರು ಹರಿಯಬೇಕು, ಪೊರಕೆ ಆಡಬೇಕು, ಬಿರುಕು ಬಿಟ್ಟರೆ ಕಾಣಬೇಕು.

ಮಣ್ಣು ಏನು ತುಂಬಬೇಕು?

ಮೇಲೆ ಹೇಳಿದ 6 ಅಡಿ 3 ಅಡಿ ಮಡಿಗೆ 18 ಘನ ಅಡಿ ಬೇಕು, ಅಂದರೆ 500 ಲೀಟರಿಗಿಂತ ಸ್ವಲ್ಪ ಜಾಸ್ತಿ. ಎಲ್ಲರೂ ಮರದ ಖರ್ಚು ಲೆಕ್ಕ ಹಾಕುತ್ತಾರೆ, ಮಣ್ಣಿನದ್ದನ್ನು ಮರೆಯುತ್ತಾರೆ. ನೆಲದ ಮೇಲಿನ ಮಡಿಗೆ ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್, ಮೇಲೊಂದೆರಡು ಹಿಡಿ ಬೇವಿನ ಹಿಂಡಿ. ಪಾಯ ತೋಡಿದ ಕೆಂಪು ಮಣ್ಣು ಅಗ್ಗ, ಆದರೆ ಆಳದ ಮಣ್ಣಲ್ಲಿ ಸಾರ ಇರುವುದಿಲ್ಲ, ಗೊಬ್ಬರ ಜಾಸ್ತಿ ಬೇಕಾಗುತ್ತದೆ. ಹಸಿ ಸಗಣಿ ತುಂಬಬೇಡಿ, ಬಿಸಿಗೆ ಬೇರು ಸುಡುತ್ತದೆ. ಅರೆಬರೆ ಕಳಿತ ಗೊಬ್ಬರದಲ್ಲಿ ಬೆಳ್ಳಗೆ ಸುರುಳಿ ಸುತ್ತಿಕೊಂಡ ಗೊಣ್ಣೆ ಹುಳು ಇರುತ್ತದೆ, ಹರಡಿ ಆರಿಸಿ, ಕೋಳಿಗೆ ಹಾಕಿ. ಕೊಕೊಪೀಟ್ ಇಟ್ಟಿಗೆ ನೆನೆಸಿ ಒಂದೆರಡು ನೀರಲ್ಲಿ ತೊಳೆದರೆ ಉಪ್ಪು ಹೋಗುತ್ತದೆ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಮಣ್ಣು ಎರಡು ಮೂರು ಇಂಚು ಕುಸಿಯುತ್ತದೆ. ಗಾಬರಿ ಬೇಡ, ಗೊಬ್ಬರ ಹಾಕಿ ತುಂಬಿ.

ಯಾವಾಗ ಶುರು ಮಾಡುವುದು?

ಏಪ್ರಿಲ್, ಮೇನಲ್ಲಿ ಚೌಕಟ್ಟು ಮುಗಿಸಿ ಮಣ್ಣು ತುಂಬಿಟ್ಟರೆ ರೋಹಿಣಿ ಮಳೆಗೆ ತಾನೇ ಕೂರುತ್ತದೆ. ಮೊದಲ ಬೆಳೆ ಮೆಂತ್ಯ, ದಂಟು, ಹರಿವೆಯಂಥದ್ದು ಹಾಕಿ. ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತದೆ, ಮಣ್ಣು ಎಲ್ಲಿ ಸರಿಯಿಲ್ಲ ಅಂತಲೂ ತೋರಿಸುತ್ತದೆ. ನುಗ್ಗೆ, ಪಪ್ಪಾಯಿ ಇದರಲ್ಲಿ ಬೇಡ.

ಎಷ್ಟು ವರ್ಷ ಬಾಳುತ್ತದೆ?

ತೇಗ, ಹೊನ್ನೆಯ ಕೆಚ್ಚು, ಕಲ್ಲಿನ ಮೇಲೆ ಕೂತಿದ್ದರೆ, ಹತ್ತು ವರ್ಷ ಕಷ್ಟವೇನಲ್ಲ. ಪೈನ್ ಪ್ಯಾಲೆಟ್ ಎರಡು ಮೂರು ವರ್ಷ. ಮಲೆನಾಡಿನ ಮಳೆಯಲ್ಲಿ ಇನ್ನೂ ಕಡಿಮೆ ಅಂತ ಇಟ್ಟುಕೊಳ್ಳಿ. ಮೊದಲು ಹೋಗುವುದು ಕೆಳಗಿನ ಸಾಲಿನ ಮೂಲೆಗಳು, ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ವರ್ಷಕ್ಕೊಮ್ಮೆ ನೋಡುತ್ತಿರಿ.

ಮಕ್ಕಳು ಅಂಚಿನ ಮೇಲೆ ಕೂರುತ್ತಾರೆ, ತೊಂದರೆ ಇದೆಯಾ?

ಕೂರಲಿ. ಮೇಲೊಂದು 4 ಇಂಚಿನ ಪಟ್ಟಿ ಅಡ್ಡ ಹಾಕಿ, ಅಂಚು ಉಜ್ಜಿ ಉರುಟು ಮಾಡಿ, ಸ್ಕ್ರೂ ತಲೆ ಒಳಗೆ ಇಳಿದಿರಲಿ. ಹಳೇ ಮತ್ತಿಯ ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ, ಆ ಪಟ್ಟಿಗೆ ಮಾತ್ರ ತೇಗವೋ ಹಲಸೋ ಹಾಕಿ.